ಫ್ಯಾನಿನ ಕಂಡೆನ್ಸರ್

ಭಾಗವತರು ಎಡಕ್ಕೆ ಸರಿದು ಕುಳಿತಿದ್ದಾರೆ ಎಂದು ನನಗೆ ಅನ್ನಿಸಿದ್ದು ಕಳೆದ ಆಟಿ ತಿಂಗಳಲ್ಲಿ. ಹೊರಗೆ ಜಡಿಮಳೆ. ಚಾವಡಿಯಲ್ಲಿ ನಾನು, ಎದುರಿಗೆ ಚಿಕ್ಕಪ್ಪನ ಎರಡು ಸ್ಪೀಕರ್ ಪೆಟ್ಟಿಗೆಗಳು, ಡೆಕ್ಕಿನಲ್ಲಿ ಕಟಪಾಡಿಯ ಯಾವುದೋ ಚಪ್ಪರದಲ್ಲಿ ನಡೆದ ತಾಳಮದ್ದಳೆಯ, ಅಂದರೆ ವೇಷ ಕುಣಿತವಿಲ್ಲದೆ ಕುಳಿತೇ ನಡೆಸುವ ಯಕ್ಷಗಾನದ, ಕ್ಯಾಸೆಟ್. ಚಿಕ್ಕಪ್ಪನೇ ಟು ಇನ್ ಒನ್ ಹೊತ್ತುಕೊಂಡು ಹೋಗಿ ಒಂದೇ ಮೈಕಿನಲ್ಲಿ ಹಿಡಿದ ಕೂಟ ಅದು. ಒಂದೇ ಮೈಕು ಎಂದಮೇಲೆ ಎಡ ಬಲ ಎಂಬುದಿಲ್ಲ. ಭಾಗವತರು, ಚೆಂಡೆ, ಮದ್ದಳೆ, ಅರ್ಥಧಾರಿಗಳು ಎಲ್ಲರೂ ಎರಡು ಪೆಟ್ಟಿಗೆಗಳ ನಟ್ಟನಡುವೆ, ಗೋಡೆಯ ಕ್ಯಾಲೆಂಡರಿನ ಕೆಳಗೆ ಇರಬೇಕು. ಮದ್ದಳೆ ಅಲ್ಲಿಯೇ ಇತ್ತು. ಭಾಗವತರ ಕೈಯ ತಾಳ ಮಾತ್ರ ಎಡಗಡೆಯ ಪೆಟ್ಟಿಗೆಗೆ ಹೋಗಿ ಅಂಟಿಕೊಂಡಿತ್ತು.

ದೂರವಾಣಿ ಇಲಾಖೆಯಲ್ಲಿ 36 ವರ್ಷ ದುಡಿದವನು ನಾನು. ಒಂದು ಸದ್ದು ಒಂದು ಕಡೆ ಮಂಕಾದರೆ ಸುಮ್ಮನಿರುವುದು ನನ್ನಿಂದಾಗದು. ಮೊದಲು ಅನುಮಾನ ಹೋದದ್ದು ಕ್ಯಾಸೆಟ್ ಡೆಕ್ಕಿನ ಹೆಡ್ಡಿನ ಮೇಲೆ. ಸ್ಪಿರಿಟ್ ಹಾಕಿ ಉಜ್ಜಿದೆ. ವ್ಯತ್ಯಾಸವಿಲ್ಲ. ಆಂಪ್ಲಿಫೈಯರಿನ ಹಿಂದೆ ಎಡಗಡೆಯ ತಂತಿಯನ್ನು ಬಲಕ್ಕೂ ಬಲಗಡೆಯದನ್ನು ಎಡಕ್ಕೂ ಹಾಕಿ ನೋಡಿದೆ. ತಾಳ ಎಡಗಡೆಯೇ ಉಳಿಯಿತು. ಅಲ್ಲಿಗೆ ರೋಗ ಬಲಗಡೆಯ ಪೆಟ್ಟಿಗೆಯೊಳಗೇ ಇದೆ ಎಂದು ಖಾತ್ರಿಯಾಯಿತು.

ಈ ಪೆಟ್ಟಿಗೆಗಳನ್ನು ಚಿಕ್ಕಪ್ಪ 1981ರಲ್ಲಿ ಬಹರೈನಿನಿಂದ ತಂದದ್ದು. ಇಂಗ್ಲೆಂಡಿನ ತಯಾರಿಕೆ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ಆ ಮಾದರಿಯ ಭಕ್ತರು ಒಂದು ಕಡೆಯಿಂದ, ಬೇರೆ ಮಾದರಿಯ ಭಕ್ತರು ಇನ್ನೊಂದು ಕಡೆಯಿಂದ ಬಂದು ನನ್ನ ಮೇಲೆ ಬೀಳುತ್ತಾರೆ. ಮುಂಬಯಿಯಿಂದ ಉಡುಪಿಗೆ ಅವು ಬಸ್ಸಿನ ತಲೆಯ ಮೇಲೆ ಗೋಣಿ ಸುತ್ತಿಕೊಂಡು ಬಂದವು; ಕೊಂಕಣ ರೈಲು ಪೂರ್ತಿ ಓಡುವುದಕ್ಕೆ ಆಗ ಇನ್ನೂ 17 ವರ್ಷ ಬಾಕಿಯಿತ್ತು. ಚಿಕ್ಕಪ್ಪ ಮನೆ ಚಿಕ್ಕದು ಮಾಡಿಕೊಂಡಾಗ ಪೆಟ್ಟಿಗೆಗಳು ನನ್ನ ಪಾಲಿಗೆ ಬಂದವು. ಜೊತೆಗೆ ಒಂದು ಷರತ್ತು: ಮಾರಬಾರದು.

ಪೆಟ್ಟಿಗೆ ಬಿಚ್ಚುವುದೇ ಒಂದು ದಿನದ ಕೆಲಸವಾಯಿತು. ನಮ್ಮ ಕರಾವಳಿಯ ಗಾಳಿಯಲ್ಲಿ 40 ವರ್ಷ ನಿಂತ ಸ್ಕ್ರೂಗಳು ತಲೆ ಮಾತ್ರ ಉಳಿಸಿಕೊಂಡಿರುತ್ತವೆ, ಒಳಗಿನದು ಬರೀ ತುಕ್ಕು. ಇನ್ನೊಂದು ಭಯ ತಗ್ಗು ಸ್ವರದ ದೊಡ್ಡ ಸ್ಪೀಕರಾದ ವೂಫರಿನ ಅಯಸ್ಕಾಂತದ್ದು. ಕೈಯ ಸ್ಕ್ರೂಡ್ರೈವರನ್ನು ಅದು ತಟ್ಟನೆ ಎಳೆದುಕೊಳ್ಳುತ್ತದೆ. ನಡುವೆ ಇರುವ ಕಾಗದದ ಕೋನ್ ಹರಿದರೆ ಆ ಕಾಲದ ಕೋನನ್ನು ಎಲ್ಲಿಂದ ತರುವುದು? ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಒತ್ತಿ ಚಪ್ಪಟೆ ಮಾಡಿ, ಒಣಗಿಸಿ, ವೂಫರಿನ ಅಳತೆಗೆ ದುಂಡಗೆ ಕತ್ತರಿಸಿ ಕೋನಿನ ಮೇಲೆ ಇಟ್ಟುಕೊಂಡೆ. ಇದಕ್ಕಿಂತ ಒಳ್ಳೆಯ ಗುರಾಣಿ ದುಡ್ಡು ಕೊಟ್ಟರೂ ಸಿಗದು. ಎರಡು ಸಲ ಸ್ಕ್ರೂಡ್ರೈವರ್ ಜಾರಿತು, ಎರಡು ಸಲವೂ ಹಾಳೆ ಉಳಿಸಿತು.

ಒಳಗೆ ಕೈ ಹಾಕಿದರೆ ತುರಿಸುವ ಗಾಜಿನ ಉಣ್ಣೆ, ಅದರ ಅಂಚಿನಲ್ಲಿ ಬೂಷ್ಟು. ಗಾಳಿ ಆಡುವ ಕೊಳವೆಯಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು, ಒಂದು ಮುಷ್ಟಿಯಷ್ಟು. ಆ ಕೊಳವೆಯ ಉದ್ದ ಅಗಲವನ್ನು ಎಂಜಿನಿಯರ್ ಯಾರೋ ಕೂತು ಲೆಕ್ಕ ಹಾಕಿರುತ್ತಾನೆ, ಪೆಟ್ಟಿಗೆಯ ತಗ್ಗು ಸ್ವರ ನಿಲ್ಲುವುದೇ ಅದರ ಮೇಲೆ. ಹುಳ ತನ್ನ ಲೆಕ್ಕ ಹಾಕಿತ್ತು. ಗೂಡನ್ನು ಕೆರೆದು ತೆಗೆದದ್ದು ನಾನು ಈ ಪೆಟ್ಟಿಗೆಗೆ ಮಾಡಿದ ಮೊದಲ ಉಪಕಾರ. ಖರ್ಚು ಸೊನ್ನೆ.

ಕ್ರಾಸ್‌ಓವರ್ ಹಲಗೆ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಎರಡು ಕೆಪಾಸಿಟರ್, ಒಂದು ಕಾಯಿಲ್, ಒಂದು ರೆಸಿಸ್ಟರ್. ಅಷ್ಟೇ. ಇದು ಮಾಡುವ ಕೆಲಸ ತಿಳಿಯಬೇಕಾದರೆ ಮಲ್ಪೆ ಬಂದರಿಗೆ ಬೆಳಗ್ಗೆ ಹೋಗಿ ನೋಡಬೇಕು. ಬಲೆಯಿಂದ ಸುರಿದ ರಾಶಿಯ ಎದುರು ಹೆಂಗಸರು ಕುಳಿತು ಬಂಗುಡೆಯನ್ನು ಒಂದು ಬುಟ್ಟಿಗೆ, ಬೂತಾಯಿಯನ್ನು ಇನ್ನೊಂದಕ್ಕೆ ಎಸೆಯುತ್ತಿರುತ್ತಾರೆ. ಹಾಗೆಯೇ ಕಾಯಿಲ್ ಏರು ಸ್ವರಗಳನ್ನು ತಡೆದು ತಗ್ಗಿನವನ್ನು ವೂಫರಿಗೆ ಬಿಡುತ್ತದೆ. ಕೆಪಾಸಿಟರ್ ತಗ್ಗಿನವನ್ನು ತಡೆದು ಏರು ಸ್ವರಗಳನ್ನು ಟ್ವೀಟರ್ ಎಂಬ ಚಿಕ್ಕ ಸ್ಪೀಕರಿಗೆ ಬಿಡುತ್ತದೆ. ಕೈ ತಪ್ಪಿದರೆ ಬುಟ್ಟಿ ಕಲಸಿಹೋಗುತ್ತದೆ.

ಟ್ವೀಟರಿನ ದಾರಿಯಲ್ಲಿದ್ದ ಕೆಪಾಸಿಟರಿನ ಮೇಲೆ ಅದರ ಅಳತೆ 4 ಮೈಕ್ರೋಫ್ಯಾರಡ್ ಎಂದು ಅಚ್ಚಾಗಿತ್ತು. ಅದರ ಜೊತೆ ಸಾಲಾಗಿ 2.2 ಓಮ್ ರೆಸಿಸ್ಟರ್. ಟ್ವೀಟರ್ 8 ಓಮ್ ಎಂದು ಹಿಡಿದರೆ ಸ್ಥೂಲ ಲೆಕ್ಕದಲ್ಲಿ 3,900 ಹರ್ಟ್ಸ್ ಸುಮಾರಿಗೆ ಟ್ವೀಟರ್ ಕೆಲಸಕ್ಕೆ ಇಳಿಯಬೇಕು. ಮೀಟರು ಹಿಡಿದರೆ ಏನೇನೋ ಸಂಖ್ಯೆ ಬರುತ್ತಿತ್ತು. ಐದು ನಿಮಿಷ ತಲೆ ಕೆರೆದುಕೊಂಡಮೇಲೆ ನೆನಪಾಯಿತು: ಹಲಗೆಯ ಮೇಲೆಯೇ ಅಳೆದರೆ ಅಕ್ಕಪಕ್ಕದ ಕಾಯಿಲೂ ಸ್ಪೀಕರುಗಳೂ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಒಂದು ಕಾಲನ್ನಾದರೂ ಬೆಸುಗೆ ಬಿಡಿಸಿ ಎತ್ತಬೇಕು. ಈ ಪಾಠವನ್ನು ಇಲಾಖೆಯಲ್ಲಿ ಹೊಸ ಹುಡುಗರಿಗೆ ಕಲಿಸುತ್ತಿದ್ದವನೇ ನಾನು!

ಬಿಡಿಸಿ ಅಳೆದೆ. ಬಲಗಡೆಯದು 5.3 ಮೈಕ್ರೋಫ್ಯಾರಡ್. ಅಂದರೆ ಟ್ವೀಟರ್ 2,900 ಹರ್ಟ್ಸ್‌ನಿಂದಲೇ, ತನ್ನದಲ್ಲದ ಹೊರೆಯನ್ನೂ ಹೊರುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಅದರ ಒಳರೋಧ: 2.8 ಓಮ್. ಆರೋಗ್ಯವಾಗಿದ್ದಾಗ ಅರ್ಧ ಓಮ್ ಇದ್ದಿರಬಹುದು. ಎಡಗಡೆಯದರ ಒಳರೋಧ 1.1 ಓಮ್. ಬಲಗಡೆಯ ಟ್ವೀಟರ್ ಈ ರೋಧವೊಂದರಿಂದಲೇ ಎರಡು ಡೆಸಿಬೆಲ್ ಕಳೆದುಕೊಂಡಿದ್ದರೆ ಎಡಗಡೆಯದು ಒಂದಕ್ಕಿಂತ ಕಡಿಮೆ. ಏರು ಸ್ವರದ ತಾಳ ಎಡಕ್ಕೆ ಸರಿಯುವುದಕ್ಕೆ ಅಷ್ಟು ಸಾಕು.

ಇದರಲ್ಲಿ ತಯಾರಿಸಿದವರ ತಪ್ಪೇನೂ ಇಲ್ಲ. ಆ ಕಾಲದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಹಾಕುತ್ತಿದ್ದದ್ದು ಬೈಪೋಲಾರ್ ಇಲೆಕ್ಟ್ರೋಲಿಟಿಕ್ ಕೆಪಾಸಿಟರ್. ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ದ್ರವದಲ್ಲಿ ನೆನೆದ ಕಾಗದ, ಬೀಡಿಯ ಹಾಗೆ ಸುರುಳಿ ಸುತ್ತಿ ರಬ್ಬರಿನ ಬಿರಡೆ ಹಾಕಿದ್ದು. ವರ್ಷಗಳು ಕಳೆದಂತೆ ದ್ರವ ಆರುತ್ತದೆ, ಒಳರೋಧ ಏರುತ್ತದೆ. ಹಾಳೆಯ ಮೇಲಿನ ಆಕ್ಸೈಡ್ ಪದರ ಸೊರಗಿ ವಿದ್ಯುತ್ತಿನ ಸೋರಿಕೆ ಹೆಚ್ಚಿದರೆ ಮೀಟರು ಅದನ್ನೇ ಹೆಚ್ಚಿನ ಮೈಕ್ರೋಫ್ಯಾರಡ್ ಎಂದು ತೋರಿಸುವುದೂ ಉಂಟು. ಬಿಸಿ ಹತ್ತು ಡಿಗ್ರಿ ಏರಿದರೆ ಇಂಥ ಕೆಪಾಸಿಟರಿನ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎನ್ನುವುದು ನಮ್ಮ ಕಸುಬಿನ ಹಳೆಯ ಲೆಕ್ಕ. ಬಲಗಡೆಯ ಪೆಟ್ಟಿಗೆ ಚಿಕ್ಕಪ್ಪನ ಮನೆಯಲ್ಲೂ ನಮ್ಮ ಮನೆಯಲ್ಲೂ ಪಡುವಣ ಕಿಟಕಿಯ ಬುಡದಲ್ಲಿಯೇ ಇತ್ತು. ಮಾರ್ಚ್ ಏಪ್ರಿಲಿನ ಸಂಜೆಯ ಬಿಸಿಲು ನೇರ ಅದರ ಬೆನ್ನಿಗೆ.

ಬದಲಿಗೆ ಏನು ಹಾಕುವುದು? ಇಲ್ಲಿಂದ ಮುಂದೆ ಈ ಹವ್ಯಾಸದವರ ಭಾಷೆ ಬದಲಾಗುತ್ತದೆ. ಪಾಲಿಪ್ರೊಪಿಲೀನ್, ಬೆಳ್ಳಿಯ ಲೇಪ, ಎಣ್ಣೆಯಲ್ಲಿ ಮುಳುಗಿಸಿದ್ದು, ತಾಮ್ರದ ಹಾಳೆಯದ್ದು. ಜರ್ಮನಿಯದ್ದು ಡೆನ್ಮಾರ್ಕಿನದ್ದು ಎಂದು ವಂಶಾವಳಿ ಬೇರೆ. ನಾನು ನೋಡಿದ ಒಂದಕ್ಕೆ ಎರಡೂವರೆ ಸಾವಿರ ರೂಪಾಯಿ, ಸುಂಕ ಬೇರೆ. ಅದನ್ನು ಹಾಕಿದರೆ ಸಂಗೀತದ ಹಿಂದೆ ಕತ್ತಲೆ ಹೆಚ್ಚುತ್ತದೆ ಎಂದು ಒಬ್ಬರು ಬರೆದಿದ್ದರು. ನಮ್ಮ ಕುಂಜಿಬೆಟ್ಟಿನಲ್ಲಿ ಮಳೆಗಾಲದ ಗಾಳಿ ಜೋರಾಗಿ ಬೀಸಿದರೆ ಅಂಥ ಕತ್ತಲೆ ಪುಕ್ಕಟೆಯಾಗಿಯೇ ಸಿಗುತ್ತದೆ.

ಪಾಲಿಪ್ರೊಪಿಲೀನ್ ಒಳ್ಳೆಯದು ಎಂಬುದರಲ್ಲಿ ನನಗೆ ತಕರಾರಿಲ್ಲ. ಆರುವುದಕ್ಕೆ ಅದರಲ್ಲಿ ದ್ರವವೇ ಇಲ್ಲ, ಒಳರೋಧ ಇಲ್ಲವೆನ್ನುವಷ್ಟು ಕಡಿಮೆ, ಅಳತೆ ಕಟ್ಟಿಟ್ಟಂತೆ ನಿಲ್ಲುತ್ತದೆ. ಆದರೆ ಅದೇ ವಸ್ತು ನಮ್ಮ ತಲೆಯ ಮೇಲೆಯೇ ನೇತಾಡುತ್ತಿದೆ. ಸೀಲಿಂಗ್ ಫ್ಯಾನಿನೊಳಗೆ ಇಲೆಕ್ಟ್ರಿಷಿಯನ್‌ಗಳು ಕಂಡೆನ್ಸರ್ ಎಂದು ಕರೆಯುವ ಆ ಬಿಳಿ ಡಬ್ಬಿ ಇದೆಯಲ್ಲ, ಅದು ಲೋಹಲೇಪಿತ ಪಾಲಿಪ್ರೊಪಿಲೀನ್ ಕೆಪಾಸಿಟರ್. 440 ವೋಲ್ಟ್ ಎ.ಸಿ. ತಡೆಯುತ್ತದೆ, ಐದು ಶೇಕಡಾಕ್ಕಿಂತ ಹೆಚ್ಚು ಆಚೀಚೆ ಇರುವುದಿಲ್ಲ. ಒಳಗೆಲ್ಲಾದರೂ ಸಣ್ಣ ತೂತಾದರೆ ಸುತ್ತಲಿನ ಲೋಹದ ಪದರ ಆವಿಯಾಗಿ ತಾನೇ ತಾನಾಗಿ ವಾಸಿಯಾಗುತ್ತದೆ. ಮನೆಯ ಫ್ಯಾನಿಗೆ 2.5 ಸಾಮಾನ್ಯ, 4 ಮೈಕ್ರೋಫ್ಯಾರಡ್‌ನದ್ದೂ ಅಂಗಡಿಯಲ್ಲಿ ಸಿಗುತ್ತದೆ.

ಸಿಟಿ ಬಸ್ ನಿಲ್ದಾಣದ ಹತ್ತಿರದ ಇಲೆಕ್ಟ್ರಿಕಲ್ ಅಂಗಡಿಗೆ ಮೀಟರು ಹಿಡಿದುಕೊಂಡೇ ಹೋದೆ. "4ರ ಕಂಡೆನ್ಸರ್ ಎಷ್ಟಿದೆ?" ಎಂದೆ. "ನಿಮಗೆಷ್ಟು ಬೇಕು?" ಎಂದರು. "ಬೇಕಾದ್ದು ಎರಡು. ಇರುವುದನ್ನೆಲ್ಲ ಕೊಡಿ, ಅಳೆದು ಆರಿಸುತ್ತೇನೆ" ಎಂದೆ. ಹನ್ನೆರಡು ಬಂದವು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ನಿಂತು ಒಂದೊಂದಾಗಿ ಅಳೆಯುತ್ತಿದ್ದರೆ ಹಿಂದೆ ಬಲ್ಬು ಕೊಳ್ಳಲು ಬಂದವರ ಸಾಲು ಬೆಳೆಯಿತು. "ಫ್ಯಾನಿಗೆ ಇಷ್ಟೆಲ್ಲ ಜಾತಕ ನೋಡುತ್ತಾರೆಯೇ ಮಾರಾಯರೇ?" ಎಂದು ಅಂಗಡಿಯವರು ಕೇಳಿದರು. ಸ್ಪೀಕರಿಗೆ ಎಂದು ಹೇಳಿದ್ದರೆ ಇನ್ನೂ ಅರ್ಧ ಗಂಟೆ ಹೋಗುತ್ತಿತ್ತು. 3.97 ಮತ್ತು 3.98 ಇದ್ದ ಜೋಡಿಯನ್ನು ಆರಿಸಿದೆ. ಒಂದಕ್ಕೆ 90 ರೂಪಾಯಿ.

ವೂಫರಿನ ಬದಿಗಿದ್ದ 8 ಮೈಕ್ರೋಫ್ಯಾರಡ್ ಕೆಪಾಸಿಟರೂ 9.4 ತೋರಿಸುತ್ತಿತ್ತು. ಅದಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮಗ ತಂದುಕೊಟ್ಟ ಹೊಸ ಬೈಪೋಲಾರ್ ಇಲೆಕ್ಟ್ರೋಲಿಟಿಕ್ಕನ್ನೇ ಹಾಕಿದೆ. ಆ ಜಾಗದಲ್ಲಿ ಸ್ವಲ್ಪ ಒಳರೋಧ ಇರುವುದನ್ನು ಲೆಕ್ಕಕ್ಕೆ ಹಿಡಿದೇ ವಿನ್ಯಾಸ ಮಾಡಿರುತ್ತಾರೆ. ಕಾಯಿಲನ್ನು ಮುಟ್ಟಲಿಲ್ಲ. ದಪ್ಪ ತಂತಿಯ ಕಾಯಿಲ್ ಹಾಕಿಸಿ ಎಂದು ಸಲಹೆ ಕೊಟ್ಟವರಿದ್ದರು. ತಾಮ್ರ ಹಳತಾಗಿ ಕೆಡುವುದಿಲ್ಲ. ದಪ್ಪ ತಂತಿ ಹಾಕಿದರೆ ಕಾಯಿಲಿನ ರೋಧ ಇಳಿದು ವೂಫರ್ ಮತ್ತು ಟ್ವೀಟರಿನ ಹೊಂದಾಣಿಕೆಯೇ ತಪ್ಪುತ್ತದೆ. ತುದಿಗಳಲ್ಲಿ ಹಿಡಿದಿದ್ದ ಹಸಿರು ಕಿಲುಬನ್ನು ಮರಳುಕಾಗದದಿಂದ ತಿಕ್ಕಿ ಹೊಸ ಬೆಸುಗೆ ಹಾಕಿದೆ, ಅಷ್ಟೇ.

ಮೊದಲು ಬಲಗಡೆಯದನ್ನು ಮಾತ್ರ ಸರಿಮಾಡಿದೆ. ಎಡಗಡೆಯದನ್ನು ಹಾಗೆಯೇ ಬಿಟ್ಟೆ, ಹೋಲಿಸಿ ನೋಡುವುದಕ್ಕೆ. ಫ್ಯಾನಿನ ಕಂಡೆನ್ಸರ್ ಹಳೆಯದಕ್ಕಿಂತ ಎಷ್ಟೋ ದಪ್ಪ. ಅದುರದಂತೆ ನೈಲಾನ್ ಪಟ್ಟಿ ಬಿಗಿದು ಸಿಲಿಕಾನ್ ಅಂಟು ಹಾಕಿ ಕೂರಿಸಿದೆ. ಪೆಟ್ಟಿಗೆ ಮುಚ್ಚಿ ಕ್ಯಾಸೆಟ್ ಹಾಕಿದೆ.

ಹಿಂದಿಗಿಂತ ಕೆಟ್ಟಿತ್ತು.

ತಾಳ ಈಗ ಎಡಗಡೆಯೂ ಇಲ್ಲ, ಬಲಗಡೆಯೂ ಇಲ್ಲ, ನಡುವೆಯೂ ಇಲ್ಲ. ಚಾವಡಿಯ ಮೂಲೆ ಮೂಲೆಗಳಲ್ಲಿ ಅಲೆದಾಡುತ್ತಿತ್ತು. ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಡಿಸ್ಕ್ ಹಾಕಿದರೆ ಅವರು ಬಾಗಿಲ ಮರೆಯಲ್ಲಿ ನಿಂತು ನುಡಿಸಿದ ಹಾಗೆ ಕೇಳಿತು. ಸ್ಪೀಕರಿನ ವಿಷಯದಲ್ಲಿ ನನಗಿಂತ ಹೆಚ್ಚು ಖರ್ಚು ಮಾಡಿರುವ ಮಂಗಳೂರಿನ ಸ್ನೇಹಿತರೊಬ್ಬರಿಗೆ ಫೋನ್ ಮಾಡಿದೆ. "ಹೊಸ ಕೆಪಾಸಿಟರ್ ಪಳಗಬೇಕು. ನೂರು ಗಂಟೆ ಹಾಡಿಸಿ, ತಾನಾಗಿ ತೆರೆದುಕೊಳ್ಳುತ್ತದೆ" ಎಂದರು.

ಮೂರು ದಿನ ಹಾಡಿಸಿದೆ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ. ಪಕ್ಕದ ಮನೆಯವರು ಮನೆಯಲ್ಲಿ ಏನಾದರೂ ವಿಶೇಷವೇ ಎಂದು ವಿಚಾರಿಸಿದರು. ನಾಲ್ಕನೆಯ ದಿನ ನನಗೇ ನಾಚಿಕೆಯಾಯಿತು. ಪ್ಲಾಸ್ಟಿಕ್ ಹಾಳೆಯ ಸುರುಳಿ ಪಳಗುವುದಕ್ಕೆ ಅದೇನು ಎತ್ತೇ? ಪೆಟ್ಟಿಗೆ ಬಿಚ್ಚಿ ನೋಡಿದರೆ ಟ್ವೀಟರಿನ ಎರಡು ತಂತಿಗಳನ್ನು ಅದಲುಬದಲಾಗಿ ಬೆಸೆದಿದ್ದೆ. ಹಳೆಯ ತಂತಿಯ ಕೆಂಪು ಮಾಸಿ ಎರಡೂ ಕಂದಾಗಿದ್ದವು, ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಎಡಗಡೆಯ ಟ್ವೀಟರ್ ಮುಂದಕ್ಕೆ ತಳ್ಳಿದಾಗ ಬಲಗಡೆಯದು ಹಿಂದಕ್ಕೆ ಎಳೆಯುತ್ತಿತ್ತು. ಇನ್ನು ನೂರಲ್ಲ, ಸಾವಿರ ಗಂಟೆ ಹಾಡಿಸಿದ್ದರೂ ಅದು ತಿರುಗಿ ಸರಿಯಾಗುತ್ತಿರಲಿಲ್ಲ. ಸ್ನೇಹಿತರ ಮಾತನ್ನು ನಂಬಿದ್ದಕ್ಕೆ ಅವರನ್ನು ದೂರುವುದಿಲ್ಲ. ತಪ್ಪು ಬೆಸುಗೆ ಹಾಕಿದ ಕೈ ನನ್ನದು, ಅದನ್ನು ಮರೆಸುವ ಸಮಾಧಾನ ಅವರು ಕೊಟ್ಟರು, ನಾನು ತೆಗೆದುಕೊಂಡೆ.

(ಟ್ವೀಟರನ್ನು ಬೇಕೆಂದೇ ತಿರುಗಿಸಿ ಜೋಡಿಸಿದ ಕ್ರಾಸ್‌ಓವರುಗಳೂ ಉಂಟು. ಆದ್ದರಿಂದ ನಿಮ್ಮ ಪೆಟ್ಟಿಗೆಯಲ್ಲಿ ಕೆಂಪು ಕಪ್ಪು ಅದಲುಬದಲಾಗಿ ಕಂಡರೆ ನನ್ನ ಬುದ್ಧಿವಂತಿಕೆ ತೋರಿಸಲು ಹೋಗಬೇಡಿ. ಬಿಚ್ಚುವ ಮೊದಲು ಪ್ರತಿ ತಂತಿಗೂ ಚೀಟಿ ಕಟ್ಟಿ.)

ತಂತಿ ತಿರುಗಿಸಿದಮೇಲೆ ಪರೀಕ್ಷೆಗೆ ಹೆಂಡತಿಯನ್ನು ಕೂರಿಸಿದೆ. ಕಾರಣವಿದೆ. ಮೊಬೈಲಿನಲ್ಲಿ ಸ್ವರ ಏರಿಸುತ್ತಾ ಹೋಗಿ ನೋಡಿದ್ದೇನೆ: ನನಗೆ 9,500 ಹರ್ಟ್ಸ್ ದಾಟಿದರೆ ಏನೂ ಕೇಳಿಸುವುದಿಲ್ಲ, ಅವಳಿಗೆ 12,000ದವರೆಗೂ ಕೇಳಿಸುತ್ತದೆ. ಟ್ವೀಟರಿನ ಕೆಪಾಸಿಟರಿನ ಬಗ್ಗೆ ಪುಟಗಟ್ಟಲೆ ಬರೆಯುವ ನನ್ನ ವಯಸ್ಸಿನ ಗಂಡಸರೆಲ್ಲ ಈ ಪರೀಕ್ಷೆಯನ್ನು ಒಮ್ಮೆ ಮಾಡಿಕೊಳ್ಳಬೇಕು. 1954ರಲ್ಲಿ ಸ್ಪೀಕರ್ ತಯಾರಿಸುವ ವಾರ್ಫ್‌ಡೇಲ್ ಸಂಸ್ಥೆಯ ಗಿಲ್ಬರ್ಟ್ ಬ್ರಿಗ್ಸ್ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ ತುಂಬಿದ ಸಭೆಯ ಎದುರು ನಿಜವಾದ ವಾದನವನ್ನೂ ಧ್ವನಿಮುದ್ರಣವನ್ನೂ ಪಕ್ಕಪಕ್ಕದಲ್ಲಿ ಕೇಳಿಸಿ ಜನರೇ ಹೋಲಿಸಲಿ ಎಂದು ಬಿಟ್ಟಿದ್ದರಂತೆ. ನಮ್ಮ ಮನೆಯ ಸಭೆಗೆ ಬಂದವಳು ಒಬ್ಬಳೇ, ಅವಳ ಮಡಿಲಲ್ಲಿ ಪತ್ರೊಡೆಗೆ ನಾರು ತೆಗೆಯಬೇಕಾದ ಕೆಸುವಿನ ಎಲೆಗಳ ಕಟ್ಟು.

ಒಂದು ಸಲಕ್ಕೆ ಒಂದೇ ಪೆಟ್ಟಿಗೆ ಹಾಡುವಂತೆ ಬ್ಯಾಲೆನ್ಸ್ ಗುಬ್ಬಿಯನ್ನು ಆಚೆ ಈಚೆ ತಿರುಗಿಸಿದೆ. ಯಾವುದು ಹೊಸತು ಎಂದು ಹೇಳಲಿಲ್ಲ.

"ಕಿಟಕಿಯ ಬದಿಯದ್ದರಲ್ಲಿ ತಾಳ ಸ್ಪಷ್ಟ ಇದೆ" ಎಂದಳು. ನಾನು ಹಿಗ್ಗಿದೆ. "ಆದರೆ ಭಾಗವತರಿಗೆ ಶೀತವಾದ ಹಾಗೆ ಇದೆ. ಗಂಟಲು ತೆಳುವಾಗಿದೆ. ಇದರಲ್ಲಿಯೇ ಅರ್ಧ ಗಂಟೆ ಕೇಳಿದರೆ ನನಗೆ ತಲೆನೋವು ಬರುತ್ತದೆ. ನಿಮಗೆ ಹಾಗನ್ನಿಸುವುದಿಲ್ಲವೇ?"

ನನಗೆ ಹಾಗನ್ನಿಸಿರಲಿಲ್ಲ. ಲೆಕ್ಕ ಹಾಕಿದರೆ ಅವಳ ಮಾತು ಸರಿ. ಮೂಲದ ಕೆಪಾಸಿಟರಿನಲ್ಲಿ ಅರ್ಧ ಓಮಿನಷ್ಟು ಒಳರೋಧ ಇತ್ತು, ಆ ಕಾಲದ ಎಂಜಿನಿಯರ್ ಅದನ್ನೂ ಸೇರಿಸಿಯೇ ಟ್ವೀಟರಿನ ದನಿಯನ್ನು ತೂಗಿದ್ದ. ನಾನು ಹಾಕಿದ ಪಾಲಿಪ್ರೊಪಿಲೀನಿನಲ್ಲಿ ಆ ಅರ್ಧ ಓಮ್ ಇಲ್ಲ. ಹೆಚ್ಚು ಒಳ್ಳೆಯ ಸಾಮಾನು ಹಾಕಿ ತೂಕ ತಪ್ಪಿಸಿದ್ದೆ. ಅನೇಕರು ಹೊಸ ಕೆಪಾಸಿಟರ್ ಹಾಕಿದಮೇಲೆ 'ಮುಸುಕು ಸರಿಯಿತು' ಎಂದು ಹೇಳುವುದು ಈ ಹೆಚ್ಚುವರಿ ಏರು ಸ್ವರವನ್ನೇ ಇರಬೇಕು ಎಂದು ಈಗ ನನ್ನ ಗುಮಾನಿ. ಮೊದಲ ವಾರ ಅದು ಹಿತವಾಗಿರುತ್ತದೆ.

ಮದ್ದು ಸುಲಭವಿತ್ತು. 2.2 ಓಮಿನ ರೆಸಿಸ್ಟರ್ ತೆಗೆದು 2.7 ಓಮಿನದ್ದು ಹಾಕಿದೆ, ಹತ್ತು ವ್ಯಾಟಿನ ಬಿಳಿ ಸಿಮೆಂಟಿನ ಬಗೆಯದ್ದು. ಅಂಗಡಿಯಲ್ಲಿ 2.2 ಆದಮೇಲೆ ಸಿಗುವ ಅಳತೆಯೇ 2.7, ಯಾರೋ ನನಗಾಗಿ ಎತ್ತಿಟ್ಟ ಹಾಗಿತ್ತು. ಅದಕ್ಕೆ ಎಂಟು ರೂಪಾಯಿ. ಮತ್ತೆ ಕೂರಿಸಿದೆ, ಮತ್ತೆ ಗುಬ್ಬಿ ತಿರುಗಿಸಿದೆ. ಅವಳು ಎಲೆಯಿಂದ ತಲೆ ಎತ್ತದೆಯೇ, "ಶೀತ ಬಿಟ್ಟಿತು" ಎಂದಳು. ಮರುದಿನ ಎಡಗಡೆಯ ಪೆಟ್ಟಿಗೆಗೂ ಅದೇ ಶುಶ್ರೂಷೆ ಮಾಡಿದೆ. ಎರಡೂ ಪೆಟ್ಟಿಗೆಗಳನ್ನು ಕಿಟಕಿಯ ಗೋಡೆಯಿಂದ ತೆಗೆದು ಮೂಡಣ ಗೋಡೆಗೆ ಸಾಗಿಸಿದೆ. ಹಳೆಯ ನಾಲ್ಕು ಕೆಪಾಸಿಟರುಗಳು ಬಿಸ್ಕಿಟ್ ಡಬ್ಬಿಯಲ್ಲಿವೆ, ಅವುಗಳ ಅಳತೆ ಬರೆದ ಚೀಟಿಯೂ ಜೊತೆಗಿದೆ. ಮುಂದೆ ಯಾರಾದರೂ ನಾನು ಮಾಡಿದ್ದನ್ನು ಬೈಯುತ್ತಾ ಬಿಚ್ಚುವಾಗ ಉಪಯೋಗಕ್ಕೆ ಬಂದೀತು.

ಭಾಗವತರು ಈಗ ಮತ್ತೆ ಕ್ಯಾಲೆಂಡರಿನ ಕೆಳಗೆ ಬಂದು ಕುಳಿತಿದ್ದಾರೆ. ಮೂಡಣ ಗೋಡೆಗೆ ಕ್ಯಾಲೆಂಡರನ್ನೂ ಸಾಗಿಸಬೇಕಾಯಿತು.

ಚೌತಿ ಕಳೆದಮೇಲೆ ಚಿಕ್ಕಪ್ಪನನ್ನು ಕರೆತಂದೆ. ವಯಸ್ಸು 75, ಎಡಗಿವಿಗೆ ಯಂತ್ರ ಇದೆ. ಅದೇ ಕ್ಯಾಸೆಟ್ ಹಾಕಿದೆ. ಕಾಲು ಗಂಟೆ ಕಣ್ಣು ಮುಚ್ಚಿ ಕೇಳಿದರು. ಪೀಠಿಕೆ ಮುಗಿದು ಪದ ಶುರುವಾಗುವಲ್ಲಿ ಕೈಯಲ್ಲೇ ತಾಳ ಹಾಕಿದರು. ಕ್ಯಾಸೆಟ್ಟಿನಲ್ಲಿ ಯಾರೋ ಕೆಮ್ಮಿದ್ದು ಕೇಳಿಸಿದಾಗ "ಅದು ನಾನೇ" ಎಂದರು. ನಾನು ತಡೆಯಲಾರದೆ ಕಂಡೆನ್ಸರಿನ ಕಥೆಯೆಲ್ಲ ಹೇಳಿದೆ: ಹನ್ನೆರಡರಲ್ಲಿ ಎರಡನ್ನು ಆರಿಸಿದ್ದು, ಅರ್ಧ ಓಮ್, ಹೆಂಡತಿಯ ತೀರ್ಪು. ಚಿಕ್ಕಪ್ಪ ಕೇಳಿಸಿಕೊಂಡರು. ಆಮೇಲೆ ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡು, ಮೇಲೆ ಎರಡು ವರ್ಷದಿಂದ ಐದರಲ್ಲಿಟ್ಟರೂ ಒಂದರ ವೇಗದಲ್ಲಿ ಸುತ್ತುತ್ತಿರುವ ಚಾವಡಿಯ ಫ್ಯಾನನ್ನು ನೋಡಿದರು.

"ಅಂಗಡಿಗೆ ಹೋದವನು ಇದಕ್ಕೂ ಒಂದು ತರಬಾರದಿತ್ತೇ ಮಾರಾಯ?" ಎಂದರು.